ಕಾರಿನ ಮೂತಿಗೆ ಕಟ್ಟಿದ ಕವರ್

ಬಂಗೂರನಗರ
ಗುರುವಾರ

ಅಪ್ಪಾ, ಶರಣು.

ಕಾರಿನ ಕೀಲಿ ಹುಡುಕಬೇಡ, ನನ್ನ ಹತ್ತಿರವಿದೆ. ಫೋನಿನಲ್ಲಿ ಹೇಳಿದರೆ ಅವ್ವನಿಗೆ ಕೇಳಿಸುತ್ತದೆ ಎಂದು ಬರೆಯುತ್ತಿದ್ದೇನೆ.

ಕಾರಿನ ಮೂತಿಗೆ ನೀನು ಕಟ್ಟಿದ ಆ ಕಪ್ಪು ರೆಗ್ಜಿನ್ ಕವರ್ ಬಣ್ಣ ಕಾಯುವುದಿಲ್ಲ. ಒಳಗೆ ಸೇರಿದ ದೂಳು ಉಜ್ಜಿ ಉಜ್ಜಿ, ನೀರು ನಿಂತು, ಬಣ್ಣವೇ ಮಂಕಾಗುತ್ತದೆ. ನಾನು ಹೇಳಿದರೆ ನೀನು, "ಕಲ್ಲ ಸಿಡಿತಾವವಾ, ಇರ್ಲಿ ಬಿಡು" ಎಂದೆ. ಆದರೆ ದಸರೆಯ ಖಂಡೇಪೂಜೆಗೆ ಕುಡಗೋಲನ್ನೂ ತಿಕ್ಕಿ ತೊಳೆಯುವ ನೀನು, ಕಾರಿಗೆ ಮಾತ್ರ ಕವರ್ ಮೇಲೆಯೇ ವಿಭೂತಿ ಹಚ್ಚಿದೆ. ಆಗಲೇ ನನಗೆ ಅನುಮಾನ ಬಂತು. ಮಧ್ಯಾಹ್ನ ನೀನು ಮಲಗಿದಾಗ ಬಿಚ್ಚಿ ನೋಡಿದೆ.

ಬಂಪರ್ ಒಡೆದಿದೆ. ಅದಕ್ಕೆ ನಮ್ಮದೇ ಗೇಟಿನ ನೀಲಿ ಬಣ್ಣ ಮೆತ್ತಿದೆ. ಅಷ್ಟು ದೊಡ್ಡ ಗೇಟು ನಿನಗೆ ಕಾಣಲಿಲ್ಲವೇ ಅಪ್ಪಾ? ರಜೆಗೆಂದು ಅಲ್ಲಿ ಬಿಟ್ಟುಬಂದ ನನ್ನ ಮಗಳು ಅದೇ ಗೇಟಿನ ಮುಂದೆ ಸೈಕಲ್ ಕಲಿಯುತ್ತಿದ್ದಾಳೆ. ಅದಕ್ಕೇ ಕೀಲಿ ತಂದುಬಿಟ್ಟೆ.

ಶನಿವಾರ ಬರುತ್ತೇನೆ. ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸೋಣ, ಕಾರು ನಾನು ಓಡಿಸುತ್ತೇನೆ. ಕವರನ್ನು ಮೊದಲಿನಂತೆಯೇ ಕಟ್ಟಿಟ್ಟು ಬಂದಿದ್ದೇನೆ. ಅವ್ವ ಕೇಳಿದರೆ, "ಹೊಸಾ ಕವರ್ ತರಾಕ ಹೊಂಟೇವಿ" ಅನ್ನು.

ನಿನ್ನ ಮಗಳು
ಶಿವಲೀಲಾ