ಮಂತ್ರಿಗಳ ಮಂಡಿ

ಜೂನ್ ೧೪, ಮಂಗಳವಾರ

ಮನವಿ ಪತ್ರ ಇನ್ನೂ ನನ್ನ ಬ್ಯಾಗಲ್ಲೇ ಇದೆ. ಇದು ಹೇಗಾಯ್ತು ಅಂತ ಸಂಜೆಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಕಿರಿಯ ವೈದ್ಯರಿಗೆ ಒಂದೇ ಸಮನೆ ಮೂವತ್ತಾರು ಗಂಟೆ ಡ್ಯೂಟಿ ಹಾಕದಂತೆ ಕಾನೂನು ತನ್ನಿ. ನಮ್ಮ ವೈದ್ಯರ ಸಂಘ ಕೇಳಬೇಕಿದ್ದದ್ದು ಇಷ್ಟೇ. ಹೋದ ತಿಂಗಳು ನನ್ನ ವಾರ್ಡಿನ ಕಿರಿಯ ಡಾಕ್ಟರ್ ಹುಡುಗಿ, ಪಾಪ, ಗಾಯಕ್ಕೆ ಹೊಲಿಗೆ ಹಾಕುತ್ತಾ ನಿಂತಲ್ಲೇ ತೂಕಡಿಸಿದಳು.

ಆರೋಗ್ಯ ಮಂತ್ರಿಗಳು ಕೊಟ್ಟಿದ್ದು ಹದಿನೈದು ನಿಮಿಷ. ನಾವು ಐದು ಜನ ಕೂತಿದ್ದೇ ತಡ, ಪ್ಯಾಂಟು ಮೇಲೆ ಮಡಚಿ, "ಡಾಕ್ಟ್ರೇ, ಈ ಮಂಡಿ ಸ್ವಲ್ಪ ನೋಡ್ತೀರಾ?" ಅಂದರು.

ಮುಗೀತು ಕಥೆ. ನಮ್ಮ ಅಧ್ಯಕ್ಷರು ಕೀಲು ಸವೆತ ಅಂದರು. ಖಜಾಂಚಿ ಯೂರಿಕ್ ಆಸಿಡ್ ಅಂತ ಪಟ್ಟು ಹಿಡಿದರು. ನಾನಂತೂ ನೆಲದ ಮೇಲೇ ಕೂತು ಒತ್ತಿ ನೋಡಿದೆ. ಮನವಿ ನೆನಪಾಗಿದ್ದು ಹೊರಗೆ ಬಂದಮೇಲೆ.

ಮಂತ್ರಿಗಳ ಆಪ್ತ ಕಾರ್ಯದರ್ಶಿ ಬಾಗಿಲಲ್ಲಿ ನಕ್ಕರು. "ಬೇಜಾರ್ ಮಾಡ್ಕೋಬೇಡಿ ಸಾರ್. ಹೋದ ವಾರ ಎಂಜಿನಿಯರುಗಳು ಬಂದಿದ್ರು. ಅವರಿಗೆ ಗೋಡೆ ಬಿರುಕು ತೋರಿಸಿದ್ರು."

ಹಾಗಾದರೆ ಮೇಷ್ಟ್ರುಗಳ ಸಂಘಕ್ಕೆ ಏನು ತೋರಿಸುತ್ತಾರೆ? ಮೊಮ್ಮಗನ ಲೆಕ್ಕದ ಪುಸ್ತಕವಾ? ಸಿಟ್ಟು ಬರಬೇಕಿತ್ತು, ಕುತೂಹಲವೇ ಜಾಸ್ತಿ ಬರ್ತಿದೆ.

ಹೆಂಡತಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಆ ಹುಡುಗಿ ಈಗೆಲ್ಲಿದ್ದಾಳೆ?" ಅಂದಳು.

ಡ್ಯೂಟಿಯಲ್ಲಿ. ನಿನ್ನೆ ಬೆಳಿಗ್ಗೆಯಿಂದ.

ನಾಳೆ ಮತ್ತೆ ಸಮಯ ಕೇಳಬೇಕು. ಈ ಸಲ ಮೊದಲು ಮನವಿ, ಮಂಡಿ ಆಮೇಲೆ. ಆದರೂ ಅದು ಸವೆತ ಅಲ್ಲವೇ ಅಲ್ಲ. ಊತ ಒಳಬದಿಗೆ ಮಾತ್ರ ಇತ್ತು, ಮುಟ್ಟಿದರೆ ಬಿಸಿ ಬೇರೆ, ಅಂದಮೇಲೆ ಅದು… ಛೆ, ಮತ್ತೆ ಮಂಡಿಗೇ ಬಂದೆ.