ಹಿಂಗು ಛಲೋ ಬಿದ್ದದ

ಸವಣೂರು
ಶುಕ್ರವಾರ, ೨೧ ಫೆಬ್ರವರಿ ೨೦೨೫

ಚಿ. ಸೌ. ದೀಪ್ತಿಗೆ ಅತ್ತೆಯ ಆಶೀರ್ವಾದ.

ನಾನು ಗೋಪಿಕಾಬಾಯಿ. ಹಾನಗಲ್ಲಿನ ಜಯತೀರ್ಥ ಮಾಸ್ತರರ ಮಗಳು. ಆ ಕಾಲಕ್ಕೆ ಮ್ಯಾಟ್ರಿಕ್ ಪಾಸಾದವಳು. ಸವಣೂರಿನ ಈ ಮನೆಗೆ ಸೊಸೆಯಾಗಿ ಬಂದು ಐವತ್ತೊಂದು ವರ್ಷ ಇದರ ಮಡಿ ಕಾಯ್ದವಳು, ಹದಿನೆಂಟು ವರ್ಷದಿಂದ ಭಜನಾ ಮಂಡಳಿಯ ಅಧ್ಯಕ್ಷೆ. ಇದೆಲ್ಲ ನಿನಗೆ ಗೊತ್ತು. ಆದರೂ ಬರೆದೆ, ಯಾಕೆಂದರೆ ಮುಂದಿನದನ್ನು ಬರೆದವಳು ಇವಳೇ ಎಂದು ನೀನು ನಂಬಬೇಕು. ಫೋನು ಮಾಡಬಹುದಿತ್ತು. ಫೋನಿನಲ್ಲಿ ನನ್ನ ದನಿಯ ಮೇಲೆ ನನಗೇ ಭರವಸೆಯಿಲ್ಲ.

ಸೋಮವಾರ ಹಾನಗಲ್ಲಿಗೆ ಹೋಗಿದ್ದೆ. ನೀನು ಸುಳ್ಳು ಹೇಳಿದೆ ಎಂಬುದಕ್ಕೆ ಸಾಕ್ಷಿ ತರಬೇಕೆಂದು ಹೋದೆ.

ಹೋದ ಜ್ಯೇಷ್ಠದಲ್ಲಿ ನನಗೆ ಎಪ್ಪತ್ತು ತುಂಬಿದ ದಿನ ಮಂಡಳಿಯ ಹನ್ನೊಂದು ಮಂದಿ ಫಲಾಹಾರಕ್ಕೆ ಬಂದಿದ್ದರು. ನೀನು ದೋಸೆಯ ಜೊತೆ ಕೆಂಪು ಚಟ್ನಿ ಬಡಿಸಿದೆ. ಮೊದಲ ತುತ್ತಿಗೇ ನಾನು ಹುಡುಗಿಯಾಗಿ ಹಾನಗಲ್ಲಿನ ಭಟ್ಟರ ಫಲಾಹಾರ ಮಂದಿರದ ಮೂಲೆಯ ಮೇಜಿಗೆ ಹೋಗಿ ಕೂತೆ. "ಹಿಂಗು ಛಲೋ ಬಿದ್ದದ" ಅಂದೆ. ಅದು ನಮ್ಮಪ್ಪನ ಮಾತು. ನನ್ನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಮತ್ತು ಆರು ವರ್ಷದಲ್ಲಿ ನಿನಗೆ ಅಂದದ್ದು ಅದೇ ಮೊದಲು. ಆಮೇಲೆ ಕೈ ತೊಳೆಯಲು ಹೋದ ಮಂಡಳಿಯ ವೇದಾ ಮೋರಿಯಿಂದ ಬಿಳಿ ಸಿಪ್ಪೆಯೊಂದನ್ನು ಎತ್ತಿ ಹಿಡಿದು, "ಗೋಪಕ್ಕಾ, ಇದೇನ್ರಿ, ನಿಮ್ಮ ಮನ್ಯಾಗ ಬಳ್ಳೊಳ್ಳಿ?" ಅಂದಳು.

ನೀನು ತಲೆ ತಗ್ಗಿಸಲಿಲ್ಲ. "ನಾನೇ ಹಾಕೀನ್ರಿ. ಭಟ್ಟರ ಹೋಟೆಲಿನ ಚಟ್ನಿಗೆ ಇದನ್ನೇ ಹಾಕ್ತಾರ. ಹಿರೇಕೆರೂರಿಗೆ ತವರಮನಿಗೆ ಹೋಗೂ ಮುಂದ ಹಾನಗಲ್ಲಿಗೆ ಇಳದು ಕೇಳಿಕೊಂಡು ಬಂದೀನಿ" ಅಂದೆ. ನಮ್ಮಪ್ಪ ಹತ್ತು ವರ್ಷ ಉಂಡೆದ್ದ ಜಾಗಕ್ಕೆ ಮಸಿ ಬಳಿಯುತ್ತೀಯಾ, ಸುಳ್ಳುಬುರುಕಿ, ಎಂದು ನಾನು ಎಲ್ಲರೆದುರು ಕೂಗಿದೆ. ಮಂಡಳಿಯ ಮುಂದೆ ಕ್ಷಮೆ ಕೇಳಬೇಕೆಂದು ಹಟ ಹಿಡಿದೆ. ನಿನ್ನ ಉತ್ತರ ಇನ್ನೂ ಕಿವಿಯಲ್ಲಿದೆ: "ಬಳ್ಳೊಳ್ಳಿಗೆ ಕೇಳ್ತೀನಿ. ಸುಳ್ಳಿಗೆ ಕೇಳೂದಿಲ್ಲ, ಯಾಕಂದ್ರ ಹೇಳಿಲ್ಲ."

ಮೂರನೇ ದಿನ ನನ್ನ ಮಗ ರಘುವೀರ ಶಿಗ್ಗಾವಿಯಲ್ಲಿ ಬಾಡಿಗೆ ಮನೆ ಹಿಡಿದು ನಿನ್ನನ್ನು ಕರೆದುಕೊಂಡು ಹೋದ. ಎಂಟು ತಿಂಗಳಾಯಿತು. ನಾವಿನ್ನೂ ಏಳು ಮಂದಿ ಒಟ್ಟಿಗೆ ಉಣ್ಣುತ್ತೇವೆ, ಆದರೆ ಪಂಕ್ತಿಯಲ್ಲಿ ನಿಮ್ಮಿಬ್ಬರ ಜಾಗಕ್ಕೆ ಯಾರೂ ಸರಿದು ಕೂತಿಲ್ಲ. ರಘುವೀರ ತಿಂಗಳಿಗೊಮ್ಮೆ ಬಂದು ಪರಸ್ಥಳದವನ ಹಾಗೆ ಕೂತು ಏಳುತ್ತಾನೆ. ಹೋಗುವಾಗ ಒಂದೇ ಮಾತು: "ಹಾನಗಲ್ ಏನು ಕಾಶೀನ, ಅವ್ವಾ? ಹೋಗಿ ಕೇಳಿ ಬಾ."

ಹೋದೆ. ಬಂಕಾಪುರದಲ್ಲಿ ಬಸ್ಸು ಬದಲಿಸಿ ಹತ್ತು ಗಂಟೆಗೆ ಅಲ್ಲಿದ್ದೆ. ಹೋಟೆಲಿನ ಗೋಡೆಗೆ ಈಗ ಮೇಲಿನವರೆಗೂ ಟೈಲ್ಸು. ಮೂಲೆಯ ಮೇಜು ಮಾತ್ರ ಕಿಟಕಿಯ ಕೆಳಗೆ ಹಾಗೇ ಇದೆ. ಪ್ರತಿ ರವಿವಾರ ಅಪ್ಪ ನನ್ನನ್ನು ಅಲ್ಲಿ ಕೂಡಿಸಿ ಎರಡು ಸಾದಾ ದೋಸೆ ಹೇಳುತ್ತಿದ್ದರು. ಬೇರೆ ಎಲ್ಲೂ ನೀರು ಸಹ ಮುಟ್ಟದ ಮನುಷ್ಯ, ಭಟ್ಟರು ನಮ್ಮವರು ಎಂದು ಅಲ್ಲಿ ಮಾತ್ರ ತಿನ್ನುತ್ತಿದ್ದರು.

ದುಡ್ಡಿನ ಗಲ್ಲೆಯ ಮೇಲೆ ಎಂಬತ್ತು ದಾಟಿದ ಮುದುಕಿಯೊಬ್ಬಳು ಕೂತಿದ್ದಳು. ಆಗ ಹಿಂದಿನ ಒರಳಿನಲ್ಲಿ ಚಟ್ನಿ ರುಬ್ಬುತ್ತಿದ್ದ ಅನ್ನವ್ವ. ಭಟ್ಟರಿಗೆ ಮಕ್ಕಳಿರಲಿಲ್ಲ, ಹೋಟೆಲು ಅವಳ ಕೈಗೆ ಬಂದಿದೆ. ಕಣ್ಣು ಕಿರಿದು ಮಾಡಿ ನೋಡಿ, "ಮಾಸ್ತರ ಮಗಳಲ್ಲೇನ್ರಿ? ಆ ಸಿಟ್ಟಿನ ಗದ್ದ ಹಂಗ ಐತಿ ನೋಡ್ರಿ" ಅಂದಳು.

ದೋಸೆ ಬಂತು. ಚಟ್ನಿ ಬಾಯಿಗಿಟ್ಟೆ. ಐವತ್ತು ವರ್ಷದ ಮೇಲೂ ಅದೇ ರುಚಿ. ಜನ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ: "ಅನ್ನವ್ವಾ, ಹಿಂಗು ಛಲೋ ಬಿದ್ದದ. ನನ್ನ ಸೊಸಿ ಇದರಾಗ ಬಳ್ಳೊಳ್ಳಿ ಅದ ಅಂತಾಳ. ಇಲ್ಲಂತ ಒಂದು ಚೀಟಿ ಬರಿಸಿ ಕೊಡು."

ಅವಳು ಕೆಮ್ಮು ಬರುವವರೆಗೂ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದುರಿಗೆ ಬಂದು ಕೂತು, ದನಿ ಇಳಿಸಿದಳು. "ಅವ್ವಾರ, ಇಷ್ಟ ವರ್ಷ ನಿಮಗ ಯಾರೂ ಹೇಳಿಲ್ಲೇನ್ರಿ? ಹಿಂಗು ಅಂದ್ರ ಬಳ್ಳೊಳ್ಳಿ. ಆ ಹೆಸರಿಟ್ಟವರು ನಿಮ್ಮಪ್ಪಾರು."

ಅವಳು ಹೇಳುತ್ತ ಹೋದಳು. ಮೊದಲ ದಿನವೇ ಅಪ್ಪ ಮಡಿ ನೋಡಲೆಂದು ಅಡಿಗೆಮನೆಗೆ ಬಂದರಂತೆ. ಅವಳು ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು, ಅಂಜಿ ಸೆರಗಿನಲ್ಲಿ ಮುಚ್ಚಿಕೊಂಡಳು. ಅಪ್ಪ "ಅನ್ನವ್ವಾ, ಇವತ್ತಿನಿಂದ ಇದರ ಹೆಸರು ಹಿಂಗು" ಅಂದು ಹೊರಗೆ ಹೋಗಿ ದೋಸೆ ತಿಂದರು. ಮುಂದೆ ಪ್ರತಿ ರವಿವಾರ, ಏಳುವಾಗ, ಅದೇ ಮಾತು. ಅವಳು ಒಳಗೆ ಕೂತು ನಗುತ್ತಿದ್ದಳಂತೆ.

"ಒಂದಿನ ಕೇಳಿದ್ನಿರಿ, ನೀವು ತಿಂದ್ರ ತಿನ್ರಿ, ಕೂಸಿಗ್ಯಾಕ ತಿನಸ್ತೀರಿ ಅಂತ. ತಿನ್ನಲಿ ಬಿಡು ಅಂದ್ರು. ಹೆಣ್ಣು ಹುಡುಗಿ, ನಾಳೆ ಎಂಥಾ ಮನಿಗೆ ಹೋಗ್ತದೋ, ಅಲ್ಲಿ ಸಿಗೂದಿಲ್ಲ ಅಂದ್ರು."

ದೀಪ್ತಿ, ನಾನು ಅಳುವವಳಲ್ಲ. ಅವತ್ತೂ ಅಳಲಿಲ್ಲ. ಗೆಳೆಯನ ಮನೆಯಲ್ಲಿ ಉಳ್ಳಾಗಡ್ಡಿ ತಿಂದು ಬಂದ ನನ್ನ ತಮ್ಮನನ್ನು ಥಂಡಿಯ ದಿನ ಬಾವಿಕಟ್ಟೆಯ ಮೇಲೆ ನಿಲ್ಲಿಸಿ ಏಳು ಕೊಡ ತಣ್ಣೀರು ಸುರಿದದ್ದು ಇದೇ ಅಪ್ಪ. ನಾನು ಮಡಿ ಕಲಿತದ್ದು ಆ ಏಳು ಕೊಡದಿಂದ. ಸಂತೆಯಲ್ಲಿ ಹಸಿ ಬಳ್ಳೊಳ್ಳಿಯ ನಾತ ಬಂದರೆ ಮೂಗು ಮುಚ್ಚಿಕೊಳ್ಳುತ್ತೇನೆ. ಎಣ್ಣೆಯಲ್ಲಿ ಹುರಿದು ಮೆಣಸಿನಕಾಯಿಯ ಜೊತೆ ಅರೆದರೆ ಅದು ಹೇಗಿರುತ್ತದೆಂದು, ಗೊತ್ತಿದ್ದು ತಿಂದವರಿಗಲ್ಲವೇ ತಿಳಿಯುವುದು? ಅಪ್ಪ ಹಿಂಗು ಅಂದರು, ನಾನು ಹಿಂಗು ಎಂದು ನುಂಗಿದೆ. ಅವರು ಹೇಳಿದ, ಬಳ್ಳೊಳ್ಳಿ ಸಿಗದ ಆ ಮನೆ ಯಾವುದೆಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನಾನು ನಡೆಸಿದ ಮನೆಯೇ.

ನಿನ್ನ ವಿಷಯವನ್ನೂ ಅನ್ನವ್ವ ಹೇಳಿದಳು. ಮೂರು ಸಲ ಬರೀ ಹಿಂಗು ಹಾಕಿ ಮಾಡೀನಿ, ಅತ್ತಿ ತಾಟು ಸರಸ್ತಾರ, ಎಂದು ಅಳು ಮೋರೆ ಮಾಡಿಕೊಂಡು ಕೂತಿದ್ದೆಯಂತೆ. ಸರಿಸಿದ್ದು ನನಗೆ ನೆನಪಿದೆ.

ಹೇಳದೆ ಕೇಳದೆ ಮಡಿ ಒಲೆಯ ಮೇಲೆ ಬಳ್ಳೊಳ್ಳಿ ಏರಿಸಿದ್ದು ತಪ್ಪು. ಅದನ್ನು ಇವತ್ತಿಗೂ ತಪ್ಪೇ ಅನ್ನುತ್ತೇನೆ. ಆದರೆ ನೀನು ಸುಳ್ಳು ಹೇಳಲಿಲ್ಲ. ಹೇಳಿದವಳು ನಾನು, ಅದೂ ಹನ್ನೊಂದು ಮಂದಿಯ ಮುಂದೆ.

ಆದ್ದರಿಂದ ನಿನ್ನೆ ಗುರುವಾರ, ಭಜನೆಗೆ ಮುಂಚೆ, ಅದೇ ಹನ್ನೊಂದು ಮಂದಿಯ ಮುಂದೆ ಎದ್ದು ನಿಂತು ಹೇಳಿದೆ: ಸೊಸೆ ಅಂದದ್ದು ಖರೆ, ಅವಳಿಗೆ ಸುಳ್ಳುಬುರುಕಿ ಅಂದ ನಾನು ತಪ್ಪಿತಸ್ಥಳು. ವೇದಾ ಬಾಯಿ ತೆರೆದು, "ಅಂದ್ರ ಗೋಪಕ್ಕಾ, ನೀವು ಸಣ್ಣಾಕಿ ಇದ್ದಾಗಿಂದ..." ಅಂದಳು. "ಹೌದು, ಹತ್ತು ವರ್ಷ. ನೀನು ಒಂದು ದಿನ ತಿಂದು ಮೂರು ಸಲ ತಲಿ ಮ್ಯಾಲೆ ನೀರು ಎರಕೊಂಡಿ. ನನಗ ಎಷ್ಟು ಬೇಕು, ನೀನೇ ಎಣಿಸು" ಅಂದೆ. ಅಧ್ಯಕ್ಷೆಯ ತಾಳ ಅವಳ ಕೈಗೆ ಕೊಟ್ಟು ಹಿಂದಿನ ಸಾಲಿನಲ್ಲಿ ಹೋಗಿ ಕೂತೆ. ಅಪ್ಪನ ಹೆಸರು ಎತ್ತಲಿಲ್ಲ. ಅದು ಅನ್ನವ್ವ, ನಾನು, ಈಗ ನೀನು, ಮೂವರಲ್ಲೇ ಇರಲಿ.

ಇವತ್ತು ಗೌಂಡಿ ಗುಡ್ಡಪ್ಪ ಹಿತ್ತಲಲ್ಲಿ ಕಟ್ಟೆ ಕಟ್ಟಿ ಮುಗಿಸಿದ. ಮೇಲೆ ಇನ್ನೊಂದು ಗ್ಯಾಸಿನ ಒಲೆ ಇಡಿಸಿದ್ದೇನೆ. ಮಡಿ ಒಲೆ ನನ್ನದು, ಅದು ನಿನ್ನದು. ನಡುವೆ ಬಾಗಿಲಿದೆ. ಬರುವುದು ಬಿಡುವುದು ನಿನಗೆ ಸೇರಿದ್ದು. ಒಲೆ ಹೂಡಿ ಆಗಿದೆ.

ನಿನ್ನ ಅತ್ತೆ,
ಗೋಪಿಕಾಬಾಯಿ

ತಾ. ಕ.: ಅನ್ನವ್ವ ಎಲ್ಲ ಹೇಳಿ ಮುಗಿಸಿದಾಗ ತಟ್ಟೆಯಲ್ಲಿ ಅರ್ಧ ದೋಸೆ ಉಳಿದಿತ್ತು. ಅನ್ನ ಚೆಲ್ಲಬಾರದೆಂದು ತಿಂದು ಮುಗಿಸಿದೆ. ಚಟ್ನಿ ಇನ್ನೊಮ್ಮೆ ಕೇಳಿ ಹಾಕಿಸಿಕೊಂಡದ್ದಕ್ಕೆ ಮಾತ್ರ ಇನ್ನೂ ಕಾರಣ ಹೊಳೆದಿಲ್ಲ.