ಪ್ಲಾಟಿನಂ ಹುಡುಕಲು ಬರೀ ಪುಡಿ

ಹ್ಯಾಂಬರ್ಗ್, ಮಂಗಳವಾರ

ಅಕ್ಕಾ, ಸುಖವಾಗಿ ತಲುಪಿದೆವು. ಇಲ್ಲಿಯ ಎಕ್ಸ್‌ರೇ ಯಂತ್ರ ನಮ್ಮ ಮಡಂತ್ಯಾರು ಪೇಟೆಯಷ್ಟು ದೊಡ್ಡದುಂಟು. ನನ್ನ ವಿದ್ಯಾರ್ಥಿನಿ ಆಫ್ರಾ ಅಲ್ಯೂಮಿನಾ ಎಂಬ ಬಿಳಿ ಪುಡಿಗೆ ಪ್ಲಾಟಿನಂ ಅಂಟಿಸಿ ವೇಗವರ್ಧಕ ಮಾಡಿದ್ದಾಳೆ. ಅದರ ಪರಮಾಣುಗಳು ಸಾಲಾಗಿ ಕೂರುವ ಜಾತಿಯಲ್ಲ. ಪರದೆಯ ಮೇಲೆ ಬರುವುದು ಮಸುಕು ಬಳೆಗಳು. ಅಂಗಡಿಯಲ್ಲಿ ನೀನು ತುಪ್ಪ ತೂಗಿ ಖಾಲಿ ಬಾಟಲಿಯ ತೂಕ ಕಳೆಯುವಂತೆ, ಪ್ಲಾಟಿನಂ ಇಲ್ಲದ ಬರೀ ಪುಡಿಯ ಚಿತ್ರವನ್ನೂ ತೆಗೆದು ಕಳೆಯಬೇಕು. ಆ ಬರೀ ಪುಡಿಯನ್ನೇ ಮಿಜಾರಿನ ಕಾಲೇಜಿನ ಲ್ಯಾಬಿನಲ್ಲಿ ಬಿಟ್ಟು ಬಂದಿದ್ದೆವು. ಯಂತ್ರ ನಮಗಿದ್ದದ್ದು ಒಂದೇ ದಿನ. ಹುಡುಗಿಯ ಪಿಎಚ್‌ಡಿ ನೀರುಪಾಲಾಗುವುದರಲ್ಲಿತ್ತು.

"ಪೆಟ್ಟಿಗೆಯಲ್ಲಿ ತೇವ ಹೀರಲು ಇಟ್ಟ ಪೊಟ್ಟಣದಲ್ಲಿ ಏನುಂಟು ಮಾರಾಯ್ತಿ?" ಎಂದೆ.

"ಅದೇ ಅಲ್ಯೂಮಿನಾ ಡಬ್ಬಿಯ ಪುಡಿ ಸರ್. ತೇವಕ್ಕೆ ಬೇರೆ ತರುವ ಅಂದ್ರೆ ನೀವು ದುಡ್ಡು ದಂಡ ಅಂದಿರಲ್ಲ."

ಅದನ್ನೇ ಕಾಯಿಸಿ, ಒಣಗಿಸಿ, ಅಳೆದು ಕಳೆದೆವು. ಪ್ಲಾಟಿನಂ ಪರಮಾಣುಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣಿಸಿತು.

ನನ್ನ ಆರೋಗ್ಯದ ವರದಿ: ಚಳಿ ಬಹಳ, ಕೆಮ್ಮು ವಿರಳ, ಊಟ ಸಪ್ಪೆ, ನಿದ್ದೆ ಸರಳ.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಆಫ್ರಾ ನನ್ನ ಜಿಪುಣತನಕ್ಕೂ ಒಂದು ಸಾಲು ಬರೆಯುತ್ತಾಳಂತೆ. ಬರೆಯಲಿ, ಭಾವನಿಗೆ ಮಾತ್ರ ಹೇಳಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನ ತಮ್ಮ ಗಿರಿಧರ